ಕತ್ತಲಿಗೆ ಹೆಪ್ಪು

ನನಗೆ ಅನುಮಾನ ಜಾಸ್ತಿ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅನುಮಾನವಿಲ್ಲದ ಹೆಂಗಸು ನಮ್ಮೂರಲ್ಲಿ ಒಂದು ವರ್ಷ ಸಂಸಾರ ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ. ಪಕ್ಕದ ಮನೆಯಾಕೆ ಬಂದು "ಏನವಾ, ಊಟಾತ?" ಅಂದರೆ ಆಕೆಯ ಕಣ್ಣು ನಮ್ಮ ತಾಟಿನ ಮೇಲಿರುವುದಿಲ್ಲ, ಮಂಚದ ಕೆಳಗಿರುತ್ತದೆ. ಅಲ್ಲಿ ಎಷ್ಟು ಕತ್ತಲು ಕೂತಿದೆ ಅಂತ ನೋಡುತ್ತಿರುತ್ತದೆ. ನಾವೂ ಅಷ್ಟೆ. ಅವರ ಮನೆಗೆ ಮೆಣಸಿನಪುಡಿ ಕೇಳಲು ಹೋದರೆ ಮೊದಲು ಕಣಜದ ಹಿಂದೆ ಇಣುಕಿ, ಆಮೇಲೆ ಪುಡಿ ಕೇಳುತ್ತೇವೆ.

ಕತ್ತಲು ಕೂಡುವುದು ಇಂಥ ಜಾಗಗಳಲ್ಲೇ. ಮಂಚದ ಕೆಳಗೆ, ಒಲೆಯ ಮೂಲೆಯಲ್ಲಿ, ಸುತ್ತಿಟ್ಟ ಹಾಸಿಗೆಯ ಸುರುಳಿಯಲ್ಲಿ. ಅದನ್ನು ಮೆತ್ತಗಿನ ಕಸಬರಿಗೆಯಿಂದ ಎಳೆದು ಮೊರಕ್ಕೆ ತೆಗೆದುಕೊಂಡು ಗಡಿಗೆಗೆ ತುಂಬಬೇಕು. ಅವಸರದಲ್ಲಿ ಗುಡಿಸಿದರೆ ಹಾರಿ ಮತ್ತೆ ಗೋಡೆಗೆ ಅಂಟುತ್ತದೆ, ಸಂಜೆತನಕ ಗೋಡೆ ಒರೆಸುತ್ತ ಕೂರಬೇಕು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಆದರೆ ತುಂಬಿದ ಗಡಿಗೆ ಹೊತ್ತು ನಾಲ್ಕು ಹೆಜ್ಜೆ ನಡೆದರೆ ರಟ್ಟೆ ಬಿದ್ದುಹೋಗುತ್ತದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಪ್ರತಿ ಮನೆಯ ಹಿರೇಹೆಂಗಸು ಆ ಗಡಿಗೆಯನ್ನು ಚಾವಡಿಗೆ ಒಯ್ಯಬೇಕು. ಅಲ್ಲಿ ಅಳತೆಯ ರಾಚಪ್ಪ ಕಟ್ಟೆಯ ಮೇಲೆ ಕೂತಿರುತ್ತಾನೆ. ಬಿಳೀ ರುಮಾಲು, ಬಿಳೀ ಅಂಗಿ, ಪಕ್ಕದಲ್ಲಿ ಹಗಲಲ್ಲೂ ಉರಿಯುವ ಕಂದೀಲು. ಗಡಿಗೆಯೊಳಗೆ ಬೆರಳು ಇಳಿಸಿ ನೋಡಿ "ಹೂಂ" ಅನ್ನುತ್ತಾನೆ. ಆ ಹೂಂ ಸಿಕ್ಕ ಮೇಲೆ ಚಾವಡಿಯ ಹಿಂದಿನ ಊರ ಹಗೇವಿಗೆ ಸುರಿದು ಬರಬೇಕು. ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಹಿಂದೆ ಅದರಲ್ಲಿ ಊರ ಜೋಳ ಇಡುತ್ತಿದ್ದರಂತೆ.

ಗಡಿಗೆಯ ಕಂಠದ ಕೆಳಗೆ ಎರಡು ಬೆರಳಷ್ಟು ಖಾಲಿ ಇದ್ದರೆ ಅದು ಮರ್ಯಾದಸ್ಥರ ಅಳತೆ. ಅದಕ್ಕಿಂತ ಮೇಲೆ ಬಂದರೆ ಆ ಮನೆಯಲ್ಲಿ ಯಾರೋ ಏನೋ ಒಳಗಿಟ್ಟುಕೊಂಡಿದ್ದಾರೆ ಅಂತ ಲೆಕ್ಕ. ಸಿಟ್ಟೋ, ಆಸೆಯೋ, ದುಃಖವೋ, ಒಟ್ಟಿನಲ್ಲಿ ಊರಿಗೆ ಬೇಡವಾದದ್ದು. ತೀರ ಕಡಿಮೆ ಬಂದರೆ ಇನ್ನೂ ಕೇಡು, ಅಡಗಿಸಿಟ್ಟಿದ್ದಾರೆ ಅಂತ ಅರ್ಥ. ಹಾಗಾಗಿ ಕಡಿಮೆ ಬಿದ್ದ ಮನೆಯವರು ಹೆಚ್ಚಾದ ಮನೆಗೆ ಒಂದು ಬಟ್ಟಲು ಹಿಡಿದು ಹೋಗುತ್ತಿದ್ದರು. ಬಾಯಿಬಿಟ್ಟು ಯಾರೂ ಕತ್ತಲು ಅನ್ನುತ್ತಿರಲಿಲ್ಲ. "ಒಂದ್ಚೂರು ಹೆಪ್ಪು ಕೊಡ್ತಿಯೇನವಾ?" ಅನ್ನುತ್ತಿದ್ದರು, ಮೊಸರಿಗೆ ಕೇಳಿದ ಹಾಗೆ. ಕೊಡುವವರೂ ಸೆರಗಿನ ಮರೆಯಲ್ಲಿ ಕೊಡುತ್ತಿದ್ದರು. ಮರುದಿನ ಇಬ್ಬರೂ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ.

ಗಡಿಗೆ ಉಕ್ಕಿದ ಮನೆಯಿಂದ ಒಬ್ಬರನ್ನು ಸುಣ್ಣದ ಮನೆಗೆ ಒಯ್ಯುತ್ತಾರೆ. ಊರ ಹೊರಗೆ ಗುಡ್ಡದ ಮೇಲಿದೆ ಅದು. ಮಾಳಿಗೆ ಇಲ್ಲ, ಮೇಲೆ ಬರೀ ಬಿಸಿಲು, ಒಳಗೂ ಹೊರಗೂ ನೆಲಕ್ಕೂ ಸುಣ್ಣ ಬಳಿದದ್ದು. ರಾಚಪ್ಪ ಗಡಿಗೆ ಉಕ್ಕಿದವರ ಮನೆಗೆ ಬಂದು ಬೆಳಕಿನಲ್ಲಿ ಮುಖ ನೋಡಿ ಹಣೆಗೆ ಸುಣ್ಣದ ಬೊಟ್ಟು ಇಟ್ಟರೆ ಮುಗಿಯಿತು, ಅವರು ಎದ್ದು ಅವನ ಹಿಂದೆ ಗುಡ್ಡಕ್ಕೆ ಹೋಗಬೇಕು. ಅಲ್ಲಿ ಏನು ಮಾಡುತ್ತಾರೆ ಅಂತ ಹೋಗಿ ಬಂದವರನ್ನು ಕೇಳಿದರೆ "ಎಲ್ಲಾ ಚಲೋ ಐತಿ" ಅನ್ನುತ್ತಾರೆ. ಏನು ಕೇಳಿದರೂ ಹಾಗೇ ಅನ್ನುತ್ತಾರೆ.

ನನ್ನ ಅವ್ವ ಹೋಗಿ ಬಂದವಳು. ನಾನಿನ್ನೂ ಲಂಗ ಉಡುತ್ತಿದ್ದೆ. ಅದಕ್ಕೆ ಮೊದಲು ಅವ್ವನ ಬಾಯಿ ಎಂಥ ಬಾಯಿ! ಓಣಿಯ ಆ ತುದಿಗೆ ಕೇಳುತ್ತಿತ್ತು. ಬೆಳಿಗ್ಗೆ ನನ್ನನ್ನು ಮೊಣಕಾಲ ನಡುವೆ ಸಿಗಿಸಿಕೊಂಡು ತಲೆ ಬಾಚುವಾಗ "ಖೋಡಿ, ಅಲ್ಲಾಡಬ್ಯಾಡ, ಇದೇನ ತಲಿನೋ ಕಸದ ಗುಂಡಿನೋ" ಅಂತ ಬೈದು, ಜಡೆ ಎಳೆದ ರಭಸಕ್ಕೆ ನನ್ನ ಹುಬ್ಬು ಮೇಲೇರಿ ನಿಲ್ಲುತ್ತಿದ್ದವು. ಸುಣ್ಣದ ಮನೆಯಿಂದ ಬಂದ ದಿನ ನಾನು ಬಾಚಣಿಗೆ ಹಿಡಿದು ಅವಳ ಹತ್ತಿರ ಓಡಿದೆ. ಅವ್ವ ನಕ್ಕಳು. "ಊಟಾತ?" ಅಂದಳು. ಓಣಿಯಲ್ಲಿ ಹೋಗುವ ಕಂಬಳಿ ಮಾರುವವನಿಗೂ ಅದೇ ನಗು, ಅದೇ "ಊಟಾತ?" ಬಾಚಣಿಗೆ ಏನು ಅಂತಲೇ ಆಕೆಗೆ ಹೊಳೆಯಲಿಲ್ಲ. ಅವಳ ಗಡಿಗೆ ಯಾಕೆ ಉಕ್ಕಿತ್ತೋ ನನಗೆ ಗೊತ್ತಿಲ್ಲ. ಈಗ ಕೇಳಿದರೆ ಅವಳಿಗೂ ಗೊತ್ತಿಲ್ಲ. ಅವತ್ತಿನಿಂದ ನನ್ನ ತಲೆ ನಾನೇ ಬಾಚಿಕೊಂಡಿದ್ದೇನೆ. ಸುಣ್ಣದ ವಾಸನೆ ಬಂದರೆ ಇವತ್ತಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ.

ನನ್ನನ್ನು ಕೊಟ್ಟದ್ದು ಗಾಣದ ಮನೆಗೆ. ಊರಿನ ದೀಪಗಳೆಲ್ಲ ನಮ್ಮ ಎಣ್ಣೆಯಿಂದ ಉರಿಯಬೇಕು, ಹಾಗಾಗಿ ಮರ್ಯಾದೆಗೆ ಕಡಿಮೆಯಿರಲಿಲ್ಲ. ಅತ್ತೆ ಸಿದ್ಲಿಂಗವ್ವ ಇಡೀ ಊರಿಗೆ ಮಾದರಿ ಹೆಂಗಸು. ಅಮಾವಾಸ್ಯೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವವಳು. ರಾಚಪ್ಪ ಆಕೆಯ ಗಡಿಗೆಗೆ ಬೆರಳು ಇಳಿಸುವುದು ಬರೀ ಶಾಸ್ತ್ರಕ್ಕೆ. ಮನೆಯ ಹಿರಿಯ ಸೊಸೆ, ನನ್ನ ನೆಗೆಣ್ಣಿ ಚಂಪವ್ವ. ಆಕೆಗೆ ಮಕ್ಕಳಿಲ್ಲ, ಮಾತೂ ಕಡಿಮೆ. ನನ್ನವರು ಮತ್ತು ಅವರಣ್ಣ ಹೊತ್ತು ಹುಟ್ಟಿದಾಗಿನಿಂದ ಗಾಣದ ಹತ್ತಿರ ಎತ್ತಿನ ಹಿಂದೆ ತಿರುಗುವವರು. ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗುವಂತಿರಲಿಲ್ಲ, ಗಟ್ಟಿಯಾಗಿ ಸೀನಿದರೂ ಅತ್ತೆ ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಿಗೆ ಒಳಚಿಲಕ ಇರಲಿಲ್ಲ. ನಮ್ಮೂರಲ್ಲಿ ಯಾವ ಮನೆಗೂ ಇರಲಿಲ್ಲ.

ಹೋದ ಸುಗ್ಗಿಯಲ್ಲಿ ನಾನು ಹೆತ್ತೆ. ಹೆಣ್ಣು ಕೂಸು. ಕಪ್ಪಗೆ, ಎಣ್ಣೆಯಲ್ಲಿ ಮಿಂದಂತೆ ಹೊಳೆಯುತ್ತಿತ್ತು. ನನ್ನ ಬೆರಳನ್ನು ಹಿಡಿದು ಹೊತ್ತು ಮುಳುಗುವ ತನಕ ಇತ್ತು, ಆಮೇಲೆ ಬಿಟ್ಟಿತು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸಿಗೆ ಹೆಸರಿಡುವಂತಿಲ್ಲ, ಅಳುವಂತಿಲ್ಲ. ಬಂದೇ ಇರಲಿಲ್ಲ ಅನ್ನಬೇಕು. ಸೂಲಗಿತ್ತಿ ಕೈ ತೊಳೆದುಕೊಂಡು ಅಂದೇಬಿಟ್ಟಳು, "ಈ ಮನಿಗೆ ಯಾವ ಕೂಸೂ ಬಂದಿಲ್ಲವಾ." ಅತ್ತೆಯೂ ಅಂದಳು. ನನ್ನವರೂ ಅಂದರು, ಬಾಗಿಲಿಗೆ ಮುಖ ಮಾಡಿಕೊಂಡು. ಅವರೆಲ್ಲರ ಮೇಲೂ ನನಗೆ ಎಂಥ ಸಿಟ್ಟು ಬಂತೆಂದರೆ, ಅವತ್ತೇ ಆ ಮನೆ ಸುಟ್ಟುಹೋಗಲಿ ಅನ್ನಿಸಿತ್ತು.

ಮರುದಿನ ನನ್ನ ಮಂಚದ ಕೆಳಗೆ ಗುಡಿಸಲು ಬಗ್ಗಿದರೆ ಕಸಬರಿಗೆ ಹಿಡಿದ ಕೈ ಮೊಣಕೈವರೆಗೆ ಕತ್ತಲಲ್ಲಿ ಮುಳುಗಿತು. ಗುಡಿಸಿದಷ್ಟೂ ಬರುತ್ತಿತ್ತು. ಮೊರ ತುಂಬಿತು, ಬುಟ್ಟಿ ತುಂಬಿತು. ಇದು ಗಡಿಗೆಗೆ ಬಿದ್ದರೆ ನನ್ನ ಹಣೆಗೆ ಬೊಟ್ಟು ಖಂಡಿತ. ಅವ್ವನ ನಗು ಕಣ್ಣೆದುರು ಬಂತು. ನಾನೂ ಹಾಗೇ ನಗುತ್ತ ಕೂತಿರುತ್ತೇನೆ, ಬೆರಳು ಹಿಡಿದ ಆ ಕೈಯ ನೆನಪೂ ಉಳಿಯುವುದಿಲ್ಲ. ಕೂಸಂತೂ ಹೋಯಿತು. ಇದನ್ನೂ ಕೊಟ್ಟುಬಿಟ್ಟರೆ ಅದು ಬಂದದ್ದಕ್ಕೆ ಸಾಕ್ಷಿ ಎಲ್ಲಿರುತ್ತದೆ?

ನಮ್ಮ ಪಡಸಾಲೆಯ ನೆಲದಲ್ಲೂ ಒಂದು ಹಳೆಯ ಹಗೇವಿತ್ತು. ಹಿಂದೆ ಕುಸುಬಿ ತುಂಬಿಡುತ್ತಿದ್ದರು. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಚಾಪೆ ಹಾಸಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ನಾನು ಚಾಪೆ ಸರಿಸಿ ಕಲ್ಲಿಗೆ ಕೈ ಹಾಕಿದೆ. ವರ್ಷಗಟ್ಟಲೆ ಮುಚ್ಚಿದ ಕಲ್ಲು ಏಳಬೇಕಾದರೆ ಬೆನ್ನು ಮುರಿಯಬೇಕಿತ್ತು. ಇದು ಮಡಕೆಯ ಮುಚ್ಚಳದ ಹಾಗೆ ಸರಿಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಅವಸರದಲ್ಲಿದ್ದೆ, ಬುಟ್ಟಿ ಬಗ್ಗಿಸಿ ಸುರಿದುಬಿಟ್ಟೆ.

ಸುರಿದ ಮೇಲೆ ಯಾಕೆ ಕೈ ಇಳಿಸಿದೆನೋ ಗೊತ್ತಿಲ್ಲ. ಭುಜದತನಕ ಇಳಿಸಿದೆ. ಒಳಗೆ ತಂಪಿರಬೇಕು ಅಂದುಕೊಂಡಿದ್ದೆ, ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಏನೋ ಒಂದು ಬಂದು ನನ್ನ ತೋರುಬೆರಳನ್ನು ಹಿಡಿದುಕೊಂಡಿತು. ಚಿಕ್ಕದು, ಮೆತ್ತಗಿನದು, ಉಗುರಿದ್ದದ್ದು. ಚೀರಬೇಕಿತ್ತು ನಾನು, ಬೇರೆ ಯಾರಾದರೂ ಆಗಿದ್ದರೆ ಚೀರುತ್ತಿದ್ದರು. ನನಗೆ ಕೈ ಎಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕೆನ್ನೆಯನ್ನು ನೆಲಕ್ಕಿಟ್ಟು, ಅತ್ತೆಯ ಗೊರಕೆ ನಿಲ್ಲುವ ತನಕ ಹಾಗೇ ಮಲಗಿದ್ದೆ. ಆಮೇಲೆ ದಿನಾ ಮಧ್ಯಾಹ್ನ ಅದೇ ನನ್ನ ಕೆಲಸವಾಯಿತು.

ದಿನ ಕಳೆದಂತೆ ಒಂದು ಗಮನಿಸಿದೆ. ಭುಜದತನಕ ಇಳಿಸಬೇಕಿದ್ದ ಕೈಯನ್ನು ಈಗ ಮೊಣಕೈವರೆಗೆ ಇಳಿಸಿದರೆ ಸಾಕಿತ್ತು. ನಾನು ಸುರಿದದ್ದಕ್ಕಿಂತ ಕತ್ತಲು ಬೇಗ ಮೇಲೇರುತ್ತಿತ್ತು. ಅಂದರೆ ಇನ್ನೊಬ್ಬರು ಯಾರೋ ಸುರಿಯುತ್ತಿದ್ದಾರೆ. ಅಂದರೆ ಅವರಿಗೆ ನನ್ನ ವಿಷಯ ಗೊತ್ತು. ಅವತ್ತಿನಿಂದ ನನ್ನ ನಿದ್ದೆ ಹಾಳಾಯಿತು.

ಯಾರಿರಬಹುದು? ಚಂಪವ್ವನೇ, ಇನ್ಯಾರು! ಆಕೆಯ ಉಗುರ ಸಂದಿಯಲ್ಲಿ ಕಪ್ಪಿತ್ತು. ಮೊನ್ನೆ ಹೊಸ ಕಸಬರಿಗೆ ಕೊಂಡಿದ್ದಳು, ಹಳೆಯದು ಚೆನ್ನಾಗಿಯೇ ಇತ್ತು. ನಾನು ಅಡುಗೆಮನೆಗೆ ಹೋದರೆ ಪಡಸಾಲೆಗೆ ಬರುವಳು, ನಾನು ಪಡಸಾಲೆಗೆ ಬಂದರೆ ನೀರಿಗೆ ಹೋಗುವಳು. ಒಂದು ದಿನ ನಾನು ಜೋಳದ ಹಿಟ್ಟನ್ನು ಹಾಸುಗಲ್ಲಿನ ಮೇಲೆ ತೆಳ್ಳಗೆ ಉದುರಿಸಿ ಚಾಪೆ ಮುಚ್ಚಿದೆ. ಮರುದಿನ ಎತ್ತಿ ನೋಡಿದರೆ ಹಿಟ್ಟೆಲ್ಲ ಕಲಸಿಹೋಗಿತ್ತು. ಒಂದು ಕಡೆ ಬಳೆ ಊರಿದ ಗೆರೆಗಳು, ಚಂಪವ್ವ ಇಡುವಂಥ ದಪ್ಪ ಬಳೆಗಳು. ಇನ್ನೊಂದು ಕಡೆ ಎಣ್ಣೆಯ ಹೆಬ್ಬೆಟ್ಟಿನಷ್ಟು ಕಲೆ. ಅಂಚಿನಲ್ಲಿ ಕಾಲುಂಗುರದ ಗುರುತು. ಬಳೆ ಕಂಡಿತಲ್ಲ, ನನಗೆ ಅಷ್ಟು ಸಾಕಾಯಿತು. ಉಳಿದದ್ದು ಯಾರದಂತ ಯೋಚಿಸಲೂ ಇಲ್ಲ, ಒರೆಸಿಬಿಟ್ಟೆ.

ಆಕೆ ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ನಿಂತೆ. "ಅಕ್ಕಾ, ನಿನ್ನ ಉಗುರಿಗೆ ಏನಾಗೇತಿ?"

ಚಂಪವ್ವ ರೊಟ್ಟಿ ತಿರುವಿದಳು. "ನಿನ್ನ ಉಗುರು ನೋಡ್ಕೋ ಮೊದ್ಲ, ತುಂಗಾ."

"ನಾ ಬೂದಿ ಹಚ್ಚಿ ಪಾತ್ರಿ ತಿಕ್ಕೀನಿ."

"ನಾನೂ ಅದನ್ನ ತಿಕ್ಕೀನಿ ತಗೋ." ಆಮೇಲೆ ಆಕೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ಹೆದರಿಕೆ ಇತ್ತು. ಹೆದರಿದವರು ಮೊದಲು ಓಡುವುದು ಚಾವಡಿಗೆ. ಈಕೆ ನನ್ನನ್ನು ಹಿಡಿದುಕೊಟ್ಟು ತಾನು ಉಳಿಯುತ್ತಾಳೆ ಅಂತ ನಾನು ತೀರ್ಮಾನ ಮಾಡಿದೆ. ನಿಜ ಹೇಳುತ್ತೇನೆ, ಆಕೆಗಿಂತ ಮೊದಲು ನಾನೇ ಹೋದರೆ ಹೇಗೆ ಅಂತಲೂ ಲೆಕ್ಕ ಹಾಕಿದ್ದೆ. ಹಗೇವು ತೆಗೆಸಿದರೆ ಆ ಚಿಕ್ಕ ಕೈಯೂ ಹೋಗುತ್ತದೆ ಅಂತ ನೆನಪಾಗಿ ಸುಮ್ಮನಾದೆ.

ಮುಂದಿನ ಅಮಾವಾಸ್ಯೆಗೆ ಅತ್ತೆ ಗಡಿಗೆ ಹೊತ್ತಳು, ಹಿಂದೆ ನಾವಿಬ್ಬರು. ರಾಚಪ್ಪ ಬೆರಳು ಇಳಿಸಿದ. ಹೂಂ ಅನ್ನಲಿಲ್ಲ. ಕಂದೀಲು ಹತ್ತಿರ ತಂದು ಇನ್ನೊಮ್ಮೆ ಇಳಿಸಿದ.

"ಸಿದ್ಲಿಂಗವ್ವಾ, ನಿಂದು ಭಾಳ ನೇಮದ ಕೈ," ಅಂದ. "ಯಾವ ಅಮಾಸಿಗೆ ನೋಡಿದ್ರೂ ಎರಡ ಬೆರಳು. ಒಂದ ಕೂದಲೆಳಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿನ್ನ ಗಂಡ ಹೋದಾಗೂ ಅಷ್ಟ. ಮೊನ್ನಿ ಕೂಸು ಹೋದಾಗೂ ಅಷ್ಟ."

"ಯಾವ ಕೂಸು?" ಅಂದಳು ಅತ್ತೆ. "ನಮ್ಮ ಮನಿಗೆ ಯಾವ ಕೂಸೂ ಬಂದಿಲ್ರಿ."

"ಹೌದ್ಹೌದು, ಬಂದಿಲ್ಲ. ಆದ್ರೂ ಒಂದ ಹಿಡಿಯರ ಏರಬೇಕಿತ್ತಲ್ಲವಾ? ಏರಿದ್ದು ಎಲ್ಲಿ ಹೋತು?" ಬೆರಳನ್ನು ಬಿಳೀ ವಸ್ತ್ರಕ್ಕೆ ಒರೆಸಿಕೊಂಡ. "ನಾಳಿ ಮಧ್ಯಾಹ್ನ ನಿಮ್ಮ ಮನಿಗೆ ಬರ್ತೀನಿ. ಬೆಳಕಿಂಡಿ ಎಲ್ಲಾ ತಗದಿಡ್ರಿ."

ನೋಡಿದಿರಾ ಇವರ ನ್ಯಾಯ! ಏರಿದ್ದರೆ ಏರಿತೆಂದು ಒಯ್ಯುತ್ತಿದ್ದರು, ಏರಲಿಲ್ಲವೆಂದು ಈಗ ಬರುತ್ತಾರೆ. ಅತ್ತೆ ಇಷ್ಟು ವರ್ಷ ಅಳೆದು ಅಳೆದು ತುಂಬಿದ್ದೇ ಆಕೆಗೆ ಮುಳುವಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತು ನೋಡಿದರು. ಯಾರೂ ಊಟಾತ ಅಂತ ಕೇಳಲಿಲ್ಲ.

ಸಂಜೆ ಅತ್ತೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ದೀಪದ ಬತ್ತಿ ಏರಿಸಿ ಮೊದಲು ಚಂಪವ್ವನ ಮುಖ ನೋಡಿದಳು, ಆಮೇಲೆ ನನ್ನದು. "ಒಬ್ಬಾಕಿ ಹೋದ್ರ ಮನಿ ಉಳಿತೈತಿ," ಅಂದಳು. ನೋಟ ನನ್ನ ಮೇಲೇ ನಿಂತಿತು. ಚಂಪವ್ವ ನೆಲ ನೋಡುತ್ತಿದ್ದಳು. ಇಬ್ಬರೂ ಸೇರಿ ಮಾತಾಡಿಕೊಂಡೇ ಕೂತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಎದ್ದು ಬಂದು ಟ್ರಂಕಿನಿಂದ ನನ್ನ ಹಳೆಯ ಬಾಚಣಿಗೆ ತೆಗೆದು ಸೊಂಟಕ್ಕೆ ಸಿಗಿಸಿಕೊಂಡೆ. ಸುಣ್ಣದ ಮನೆಯಿಂದ ಬಂದ ಮೇಲೆ ಅದನ್ನು ನೋಡಿದರಾದರೂ ಏನಾದರೂ ನೆನಪಾದೀತು ಅಂತ ಒಂದು ಆಸೆ, ಅಷ್ಟೆ.

ಮರುದಿನ ಮಧ್ಯಾಹ್ನ ರಾಚಪ್ಪ ಬಂದ. ಜೊತೆಗೆ ಬಿಳೀ ಅಂಗಿಯ ಇಬ್ಬರು ಆಳು, ಒಬ್ಬನ ಕೈಯಲ್ಲಿ ಸುಣ್ಣದ ಬಟ್ಟಲು. ಓಣಿಯ ಜನವೆಲ್ಲ ಬಾಗಿಲಲ್ಲಿ ಕಿಕ್ಕಿರಿದಿತ್ತು. ನನ್ನವರೂ ಭಾವನೂ ಗಾಣ ನಿಲ್ಲಿಸಿ ಬಂದು ಜನರ ಹಿಂದೆ ನಿಂತಿದ್ದರು. ಬೆಳಕಿಂಡಿಗಳಿಂದ ಬಿಸಿಲು ಪಡಸಾಲೆಗೆ ಕಂಬದಂತೆ ಇಳಿದಿತ್ತು. ಆಳುಗಳು ಕೋಲಿನಿಂದ ನೆಲ ಕುಟ್ಟುತ್ತ ಬಂದರು. ಚಾಪೆಯ ಮೇಲೆ ಬಂದಾಗ ಸದ್ದು ಬದಲಾಯಿತು.

ಕಲ್ಲು ಸರಿಸಿದರು. ಕತ್ತಲು ಬಾಯಿತನಕ ಬಂದು ನಿಂತಿತ್ತು. ಜನರೆಲ್ಲ ಒಮ್ಮೆಲೇ ಹಿಂದೆ ಸರಿದರು. ಹಗೇವಿನಲ್ಲಿ ಕೆಟ್ಟ ಗಾಳಿ ಇದ್ದರೆ ತಿಳಿಯಲಿ ಅಂತ ಮೊದಲು ಕಂದೀಲು ಇಳಿಸುವುದು ರೂಢಿ. ರಾಚಪ್ಪ ಹಗ್ಗ ಕಟ್ಟಿ ಕಂದೀಲು ಬಿಟ್ಟ. ಅದು ಮುಳುಗಿದ ಕೂಡಲೇ ಆರಿತು. ಮೇಲೆಳೆದು ನೋಡಿದರೆ ಗಾಜಿನ ತುಂಬ ಚಿಕ್ಕ ಚಿಕ್ಕ ಬೆರಳಿನ ಗುರುತು. ರಾಚಪ್ಪ ಅದನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಇದು ಯಾರ್ದು?" ಅಂದ. ಅವನು ಸುಣ್ಣದಲ್ಲಿ ಬೆರಳು ಅದ್ದಿದ. "ಸಿದ್ಲಿಂಗವ್ವಾ, ಮನಿಗೆ ಹಿರ್ಯಾಕಿ ನೀನು. ಹೆಸರು ಹೇಳು."

ಅತ್ತೆ ತಲೆಯ ಮೇಲಿನ ಸೆರಗು ತೆಗೆದಳು. ಜನರೆದುರು ಆಕೆ ಬರಿ ತಲೆಯಲ್ಲಿ ನಿಂತದ್ದನ್ನು ನಾನು ಕಂಡದ್ದೇ ಇರಲಿಲ್ಲ. ನನ್ನ ಕಡೆ ತಿರುಗಿ ಗಟ್ಟಿಯಾಗಿ "ತುಂಗಾ," ಅಂದಳು.

ಮುಗಿಯಿತು ಅಂದುಕೊಂಡೆ. ಅಂದುಕೊಂಡ ಹಾಗೇ ಆಯಿತಲ್ಲ ಅಂತ ಒಂದು ರೀತಿಯ ಕೆಟ್ಟ ಸಮಾಧಾನವೂ ಆಯಿತು. ರಾಚಪ್ಪ ನನ್ನ ಹಣೆಯ ಕಡೆ ಬೆರಳು ಚಾಚಿದ. ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

"ತುಂಗಾ, ಏನ ಮಾರಿ ನೋಡ್ತಿ? ಹಗ್ಗ ಹಿಡಿ," ಅಂದಳು ಅತ್ತೆ. ಸೀರೆಯನ್ನು ಕಚ್ಚೆ ಕಟ್ಟಿದಳು. ಕಂದೀಲಿನ ಹಗ್ಗವನ್ನು ಬಿಚ್ಚಿ ಒಂದು ತುದಿ ತನ್ನ ಸೊಂಟಕ್ಕೆ ಸುತ್ತಿ ಇನ್ನೊಂದನ್ನು ನನ್ನ ಕೈಗೆ ತುರುಕಿದಳು.

"ಅತ್ತಿ, ಕಂದೀಲ ಆರೇತಿ! ಉಸರ ಹಿಡೀತೈತಿ, ಇಳೀಬ್ಯಾಡ," ಅಂತ ಚಂಪವ್ವ ಓಡಿ ಬಂದಳು.

"ಆರಿದ್ರ ಆರ್ಲಿ. ಮ್ಯಾಲ ಇದ್ದು ಎಷ್ಟು ಉಸರಾಡೇನಿ ಅಂತೀ?" ಕಲ್ಲಿನ ಅಂಚಿನ ಮೇಲೆ ಕೂತು ಆಕೆ ಕಾಲು ಇಳಿಬಿಟ್ಟಾಗ ಕಾಲುಂಗುರ ಕಲ್ಲಿಗೆ ತಾಗಿ ಸದ್ದಾಯಿತು. ಹಿಟ್ಟಿನಲ್ಲಿ ಕಂಡ ಗುರುತು ಆಗ ನೆನಪಾಯಿತು ನನಗೆ. ಕಣ್ಣಿದ್ದೂ ಕುರುಡಿಯಾಗಿದ್ದೆ. ಆ ಕಲ್ಲನ್ನು ಮುಚ್ಚಳದಷ್ಟು ಹಗುರ ಮಾಡಿದ್ದು ಒಂದೆರಡು ತಿಂಗಳ ಕೆಲಸವಲ್ಲ, ಇಡೀ ಆಯುಷ್ಯದ ಕೆಲಸ.

ಅತ್ತೆ ಮುಳುಗಿದಳು. ಹಗ್ಗ ಸರಸರ ಇಳಿದು ನಿಂತಿತು. ನಾನೂ ಚಂಪವ್ವನೂ ಬಿಗಿಯಾಗಿ ಹಿಡಿದಿದ್ದೆವು, ಆಕೆಯ ದಪ್ಪ ಬಳೆಗಳು ನನ್ನ ಮುಂಗೈಗೆ ಒತ್ತುತ್ತಿದ್ದವು. "ಹಿಂದಕ್ಕ ಎಳೀರಿ ಆಕಿನ್ನ," ಅಂತ ರಾಚಪ್ಪ ಆಳುಗಳಿಗೆ ಹೇಳಿದ. ಅವರು ಗೋಡೆಗೆ ಅಂಟಿ ನಿಂತಿದ್ದರು. ಮುಖ ಕಾಣದವರ ಹಣೆಗೆ ಬೊಟ್ಟು ಇಡುವುದು ಹೇಗೆ? ಅವನ ಕಟ್ಟಳೆಗಳೆಲ್ಲ ಬೆಳಕಿನವು.

ಆಗ ಕೆಳಗಿನಿಂದ ಒಂದು ಸದ್ದು ಬಂತು. ಅಳು. ಗುಟ್ಟಾಗಿ ಬಿಕ್ಕುವುದಲ್ಲ, ಬಾಯಿ ತುಂಬ ಅಳುವುದು. ನಮ್ಮೂರಲ್ಲಿ ಅಂಥ ಅಳು ಕೇಳಿ ಯಾವ ಕಾಲವಾಗಿತ್ತೋ. ಬಾಗಿಲಲ್ಲಿದ್ದ ಮುದುಕಿಯರು ಎದೆಗೆ ಕೈ ಇಟ್ಟುಕೊಂಡರು. "ಮುತ್ತಣ್ಣಾ," ಅಂತ ಅತ್ತೆ ಕೂಗುತ್ತಿದ್ದಳು, "ನನ್ನ ಮುತ್ತಣ್ಣಾ, ಇಷ್ಟ ದಿನ ಕಾದೆಯೇನೋ." ಆಕೆಗೆ ಇಬ್ಬರು ಗಂಡುಮಕ್ಕಳು ಮಾತ್ರ ಅಂತ ನಾವೆಲ್ಲ ತಿಳಿದಿದ್ದೆವು. ಹೆಸರಿಡದೆ ಕಳಿಸಬೇಕಾದ ಕೂಸಿಗೆ ಆಕೆ ಆವತ್ತೇ ಹೆಸರಿಟ್ಟು, ಒಳಗೇ ಬಚ್ಚಿಟ್ಟುಕೊಂಡಿದ್ದಳು.

ಅಳು ಸ್ವಲ್ಪ ತಗ್ಗಿತು. "ತುಂಗಾ," ಅಂತ ಧ್ವನಿ ಬಂತು, "ಇಲ್ಲೆ ಇನ್ನೊಂದು ಐತಿ. ನನ್ನ ಕೊಳ್ಳಿಗೆ ಜೋತು ಬಿದ್ದೈತಿ, ಬಿಡವಲ್ದು. ಏನಂತ ಕರೀಲಿ? ನಿನ್ನ ಕೂಸಿಗೆ ಏನ ಹೆಸರ ಇಡಬೇಕಂತ ಮಾಡಿದ್ದಿ?"

ಪಡಸಾಲೆಯಲ್ಲಿ ಬಿಸಿಲು. ರಾಚಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಓಣಿ ಓಣಿಯೇ ನೋಡುತ್ತಿತ್ತು. ಹೆಸರು ಬಾಯಿಂದ ಬಿದ್ದರೆ ಮತ್ತೆ ಹಿಂದಕ್ಕೆ ಹೋಗುವ ದಾರಿಯಿಲ್ಲ ಅಂತ ಗೊತ್ತಿತ್ತು. ನನಗೆ ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಆದರೆ ಕೂಸು ಕೆಳಗೆ ಹೆಸರಿಲ್ಲದೆ ಕಾಯುತ್ತಿತ್ತಲ್ಲ.

"ಕಸ್ತೂರಿ," ಅಂದೆ. ಧ್ವನಿ ಸಣ್ಣಗೆ ಬಂತು. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ, "ಕಸ್ತೂರಿ! ನನ್ನ ಮಗಳು! ಬಂದಿದ್ಲು ಆಕಿ ಈ ಮನಿಗೆ, ಬಂದಿದ್ಲು!"

ಕತ್ತಲು ಹಾಲು ಉಕ್ಕಿದ ಹಾಗೆ ಉಕ್ಕಿ ಕಲ್ಲಿನ ಅಂಚು ದಾಟಿತು. ಅವಸರವಿಲ್ಲದೆ ನೆಲದ ಮೇಲೆ ಹರಡಿತು, ಬಿಸಿಲಿನ ಕಂಬಗಳನ್ನು ಬುಡದಿಂದ ಒಂದೊಂದಾಗಿ ನುಂಗಿತು. ಆಳಿನ ಕೈಯಿಂದ ಸುಣ್ಣದ ಬಟ್ಟಲು ಬಿತ್ತು. ರಾಚಪ್ಪ ರುಮಾಲು ಬಿಟ್ಟು ಓಡಿದ. ಜನ ಓಡಿದರು. ಚಂಪವ್ವ ಹಗ್ಗವನ್ನು ನನಗೆ ಒಪ್ಪಿಸಿ, ತಡಕಾಡಿ ಒನಕೆ ಹುಡುಕಿ, ಬಾಗಿಲಿಗೆ ಅಡ್ಡ ಕೊಟ್ಟಳು. ಅಷ್ಟರಲ್ಲಿ ಯಾರೋ ಹೊರಗಿನಿಂದ ತಟ್ಟಿದರು.

"ನಾನು," ಅಂದರು ನನ್ನವರು. ನನಗೆ ಅನುಮಾನ, ರಾಚಪ್ಪನೇ ಕಳಿಸಿರಬೇಕು ಅಂತ. "ಯಾಕ ಬಂದ್ರಿ?" ಅಂದೆ. ಬಾಗಿಲ ಸಂದಿಯಿಂದ ಹೇಳಿದರು, "ಅಲ್ಲೆ ನಂದೂ ಐತಿ. ಗಾಣದಿಂದ ಬಂದು ದಿನಾ ಸುರೀತಿದ್ದೆ." ಎಣ್ಣೆಯ ಹೆಬ್ಬೆಟ್ಟು! ಬಾಗಿಲು ತೆಗೆದೆವು. ಅವರು ಬಂದು ನೆಲದ ಮೇಲೆ ಕೂತು, ಹಗೇವಿನೊಳಗೆ ಕೈ ಇಳಿಸಿ, "ಕಸ್ತೂರಿ" ಅಂತ ಮೆಲ್ಲಗೆ ಅಂದು ನೋಡಿದರು. ಅವರು ಅತ್ತದ್ದು ನನಗೆ ಕಾಣಲಿಲ್ಲ, ಕೇಳಿಸಿತು. ಚಂಪವ್ವ ನನ್ನ ಪಕ್ಕದಲ್ಲಿದ್ದಳು. "ನನ್ನ ಕೈಯೂ ಹಿಡೀತಿತ್ತು ತುಂಗಾ, ಒಂದು ಕೈ. ಯಾರದಂತ ಮಾತ್ರ ಕೇಳಬ್ಯಾಡ," ಅಂದಳು. ನಾನು ಕೇಳಲಿಲ್ಲ. ಭಾವ ಇವತ್ತಿಗೂ ಒಳಗೆ ಬಂದಿಲ್ಲ, ಗಾಣದ ಹತ್ತಿರವೇ ಮಲಗುತ್ತಾನೆ.

ಅತ್ತೆಯನ್ನು ಮೇಲೆಳೆದುಕೊಂಡೆವು. ಉಸಿರು ಚೆನ್ನಾಗಿಯೇ ಆಡುತ್ತಿತ್ತು. ಆದರೆ ನಮ್ಮ ಮನೆಯ ಕತ್ತಲು ಅವತ್ತಿನಿಂದ ಇಳಿಯಲೇ ಇಲ್ಲ. ತಡಕುತ್ತ ರೊಟ್ಟಿ ಬಡಿಯುವುದು ಕಲಿತೆವು, ಮೊದಮೊದಲು ಸೀದವು. ರಾಚಪ್ಪ ಓಣಿಯ ತುದಿಯಲ್ಲಿ ನಿಂತು ನೋಡುತ್ತಾನೆ, ಹೊಸ್ತಿಲು ದಾಟುವುದಿಲ್ಲ. ಊರಿನವರು ನಮ್ಮ ಮನೆಯ ಹೆಸರೆತ್ತುವುದಿಲ್ಲ. ಆದರೆ ಹೆಂಗಸರು ಬರತೊಡಗಿದರು. ಒಬ್ಬೊಬ್ಬರೇ, ಎಣ್ಣೆಗೆ ಬಂದ ನೆಪ ಮಾಡಿ, ಸೆರಗಿನಲ್ಲಿ ಗಡಿಗೆ ಮುಚ್ಚಿಕೊಂಡು. ಒಳಗೆ ಬಂದು ಕೂತು ಅತ್ತು ಹೋಗುವವರು ಕೆಲವರು, ಗೋಡೆ ಬಿರಿಯುವಂತೆ ಬೈದು ಹೋಗುವವರು ಕೆಲವರು. ಅವರಲ್ಲಿ ಯಾರು ಚಾವಡಿಗೆ ಸುದ್ದಿ ಮುಟ್ಟಿಸುತ್ತಾರೋ ಅಂತ ನಾನು ಕಿವಿ ನೆಟ್ಟೇ ಇರುತ್ತೇನೆ. ಅಭ್ಯಾಸ ಹೋಗುವುದಿಲ್ಲ.

ಒಂದು ದಿನ ಬಾಗಿಲಲ್ಲಿ "ಊಟಾತ?" ಅಂತ ಕೇಳಿಸಿತು. ಅವ್ವ ನಿಂತಿದ್ದಳು, ಬೆನ್ನ ಹಿಂದೆ ಬಿಸಿಲು, ಮುಖದಲ್ಲಿ ಅದೇ ನಗು. ಕೈಯಲ್ಲಿ ಒಂದು ಬಟ್ಟಲು. ಖಾಲಿ ಬಟ್ಟಲು.

"ಒಂದ್ಚೂರು ಹೆಪ್ಪು ಕೊಡ್ತಿಯೇನವಾ?" ಅಂದಳು. "ನಮ್ಮ ಮನ್ಯಾಗ ಇಲ್ಲ."

ನಾನು ಮೊದಲು ಆಕೆಯ ಹಿಂದೆ ನೋಡಿದೆ. ಓಣಿಯ ತುದಿಯಲ್ಲಿ ಬಿಳೀ ರುಮಾಲು ಕಂಡಂತಾಯಿತು, ಇತ್ತೋ ಇಲ್ಲವೋ. ಇದು ಅವನದೇ ಉಪಾಯವೇ? ಇಲ್ಲ ಯಾರೋ ಹೇಳಿಕೊಟ್ಟ ಮಾತನ್ನು ಈಕೆ ಒಪ್ಪಿಸುತ್ತಿದ್ದಾಳೆಯೇ? ಕೊಟ್ಟರೆ ಈಕೆಯನ್ನು ಮತ್ತೆ ಗುಡ್ಡಕ್ಕೆ ಒಯ್ದರೆ? ಕೈ ಹಿಡಿದು ಒಳಗೆ ಎಳೆದುಕೊಂಡೆ, ಚಂಪವ್ವ ಒನಕೆ ಕೊಟ್ಟಳು. ಹಗೇವಿನ ಅಂಚಿನಿಂದ ಒಂದು ಚಿಟಿಕೆ ತೆಗೆದು ಬಟ್ಟಲಿಗೆ ಹಾಕಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಕೂತಳು. ನಾನು ಆಕೆಯ ಮುಂದೆ ಬೆನ್ನು ಮಾಡಿ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಹೆಪ್ಪು ಕೂಡಬೇಕಾದರೆ ಹೊತ್ತು ಬೇಕು, ಕದಲಿಸಬಾರದು ಅಂತ ನಾನು ಉಸಿರೂ ಬಿಗಿಹಿಡಿದಿದ್ದೆ.

ಆಮೇಲೆ ಒಂದು ಕೈ ಬಂದು ನನ್ನ ತಲೆಯನ್ನು ಮುಟ್ಟಿತು. ಕೂದಲ ಗಂಟಿಗೆ ಬೆರಳು ಸಿಕ್ಕಿಕೊಂಡಿತು. ಬಿಡಿಸಲು ಎಳೆಯಿತು. ಮತ್ತೆ ಎಳೆಯಿತು, ಈ ಸಲ ಜೋರಾಗಿ.

"ಖೋಡಿ," ಅಂದಿತು ಕತ್ತಲಲ್ಲಿ ಅವ್ವನ ಬಾಯಿ. "ಇದೇನ ತಲಿನೋ ಕಸದ ಗುಂಡಿನೋ? ಗಾಣದ ಮನ್ಯಾಗ ಇದ್ದು ತಲಿಗೆ ಒಂದ ಹನಿ ಎಣ್ಣಿ ಇಲ್ಲ! ಯಾರೂ ಬಾಚೋರು ಇಲ್ಲೇನ ನಿನಗ? ಎಲ್ಲೈತಿ ಬಾಚಣಿಗಿ? ತಾ ಇತ್ತಾಗ. ಅಲ್ಲಾಡಬ್ಯಾಡ."

ಅವತ್ತಿನಿಂದ ಸೊಂಟದಲ್ಲೇ ಇದ್ದ ಬಾಚಣಿಗೆ ತೆಗೆದು ಹಿಂದಕ್ಕೆ ಕೊಟ್ಟೆ. ಮೊಣಕಾಲ ನಡುವೆ ಸಿಗಿಸಿಕೊಂಡು ಎಳೆದ ರಭಸಕ್ಕೆ ನನ್ನ ಹುಬ್ಬು ಮೇಲೇರಿದವು, ಕಣ್ಣಲ್ಲಿ ನೀರು ಬಂತು. ನಾನು ಬಾಯಿಬಿಟ್ಟು ಅತ್ತುಬಿಟ್ಟೆ. ಅವ್ವ ಬೈಯುತ್ತಲೇ ಇದ್ದಳು.